ಇಟ್ಟಲ್ಲೇ ಕೂರುವ ಎಣ್ಣೆ

ತನ್ನ ಮಾತು ಇನ್ನೊಬ್ಬನ ಬಾಯಲ್ಲಿ ತನಗಿಂತ ಚೆನ್ನಾಗಿ ಕೇಳಿಸಿದರೆ ಎಂಥವನಿಗೂ ಹೊಟ್ಟೆ ಉರಿಯುತ್ತದೆ. ಪರೀಕ್ಷಕನಿಗೆ ಅದು ಉರಿದದ್ದು ಆಸ್ಪತ್ರೆಯ ಸಭಾಂಗಣದಲ್ಲಿ, ಕೊನೆಯ ಸಾಲಿನ ಅಲ್ಲಾಡುವ ಕುರ್ಚಿಯಲ್ಲಿ ಕೂತಿದ್ದಾಗ. ಮುಂದೆ ನೂರಿಪ್ಪತ್ತು ಜನ, ನರ್ಸುಗಳು ಮತ್ತು ಕೂಸು ಎತ್ತಿಕೊಂಡ ತಾಯಂದಿರು. ವೇದಿಕೆಯ ಮೇಲೆ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಮಕ್ಕಳ ಮೈಗೆ ಹಚ್ಚುವ ಎಣ್ಣೆ ಮಾಡುವ ಒಂದೇ ಕಾರ್ಖಾನೆಯಲ್ಲಿ ಇಬ್ಬರಿಗೂ ಕೆಲಸ. ಇವನು ಎಣ್ಣೆಯನ್ನು ಪರೀಕ್ಷಿಸುವವನು, ಅವನು ಎಣ್ಣೆಯ ಬಗ್ಗೆ ಮಾತಾಡುವವನು.

“ಮಿನರಲ್ ಆಯಿಲ್ ಅಂದ್ರೆ ಪೆಟ್ರೋಲಿನ ಕೊಳೆ, ಅದನ್ನ ಮಗುಗೆ ಹಚ್ತೀರಾ ಅಂತ ಕೇಳ್ತಾರೆ,” ಎಂದು ಷಡ್ಡಕ ಮೈಕು ಹಿಡಿದು ಹೇಳುತ್ತಿದ್ದ. “ಹುಟ್ಟಿದ್ದು ನೆಲದೊಳಗಿನ ಕಚ್ಚಾ ಎಣ್ಣೆಯಿಂದ್ಲೇ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಸಕ್ಕರೆ ಡಬ್ಬ ತೆಗೆದಾಗ ಕಬ್ಬಿನ ಗದ್ದೆ ಕೆಸರು ಸಿಗತ್ತಾ ಅಮ್ಮಾ? ಹಾಗೇ ಇದು. ಕೆಟ್ಟದ್ದೆಲ್ಲಾ ತೆಗೆದು, ಸೋಸಿ ಸೋಸಿ, ಬಣ್ಣ ಇಲ್ಲ, ವಾಸನೆ ಇಲ್ಲ. ಚರ್ಮದೊಳಗೆ ಇಳಿಯಲ್ಲ, ಆರಲ್ಲ, ಹಳಸಲ್ಲ. ಇಟ್ಟಲ್ಲೇ ಕೂತಿರತ್ತೆ. ಅದೇ ಅದರ ಕೆಲಸ. ಮೈಯಲ್ಲಿರೋ ನೀರು ಹಾರಿಹೋಗದ ಹಾಗೆ ಬಾಗಿಲು ಕಾಯೋ ವಾಚ್‌ಮನ್ ಅಷ್ಟೆ.”

ತಾಯಂದಿರು ನಕ್ಕರು. ಸಕ್ಕರೆ ಡಬ್ಬವೂ ಪರೀಕ್ಷಕನದು, ವಾಚ್‌ಮನ್ನನೂ ಅವನವನೇ. ಹತ್ತೊಂಬತ್ತು ವರ್ಷ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯ ಊಟದ ಮೇಜಿನಲ್ಲಿ ಇದನ್ನೇ ಹೇಳಿದ್ದಾನೆ. ಕೇಳಿದವರು ಆಕಳಿಸಿ ಅನ್ನ ಬಡಿಸಿಕೊಂಡಿದ್ದಾರೆ. ಅದೇ ಮಾತಿಗೆ ಇಲ್ಲಿ ಚಪ್ಪಾಳೆ. ಎರಡು ತಿಂಗಳಲ್ಲಿ ಷಡ್ಡಕನನ್ನು ಮ್ಯಾನೇಜರ್ ಮಾಡಿದರು. ಆ ಕುರ್ಚಿಗೆ ಪರೀಕ್ಷಕನೂ ಅರ್ಜಿ ಹಾಕಿದ್ದ. ಹಾಕಿದ್ದನ್ನು ಹೆಂಡತಿಗೂ ಹೇಳಿರಲಿಲ್ಲ, ಸಿಗದಿದ್ದರೆ ಮುಖ ಎಲ್ಲಿಡುವುದೆಂದು.

ಸಂತೋಷಕ್ಕೆ ಷಡ್ಡಕನ ಮನೆಯಲ್ಲಿ ಊಟ ಆಯಿತು. ಅಲ್ಲಿ ಪರೀಕ್ಷಕ ಒಂದೇ ಒಂದು ಮಾತಾಡಲು ಹೊರಟ, ಆ ಭಾಷಣದ ಮೂಲ ಯಾವುದು ಅನ್ನುವ ಬಗ್ಗೆ. ಬಾಯಿ ತೆರೆಯುವ ಮೊದಲು ಅಭ್ಯಾಸದಂತೆ ನಡುಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡ. ನಾದಿನಿ ಕಿಸಕ್ಕನೆ ನಕ್ಕಳು.

“ನೋಡಿ, ನೋಡಿ! ಭಾವ ಯಾವಾಗ್ಲೂ ಮೂಗಿನ ಮೇಲೆ ಬೆರಳಿಟ್ಕೊಂಡೇ ಇರ್ತಾರೆ. ಅದೇನು ಅಷ್ಟೊಂದು ಆಶ್ಚರ್ಯವೋ! ಅಕ್ಕನ ಮದುವೆ ಆಲ್ಬಮ್ಮಲ್ಲಿ ಒಂದು ಫೋಟೋದಲ್ಲಾದ್ರೂ ಕೈ ಕೆಳಗಿದ್ಯಾ?”

ಎಲ್ಲರೂ ನಕ್ಕರು. ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವನು ಆಡಬೇಕೆಂದಿದ್ದ ಮಾತನ್ನು ತುತ್ತಿನ ಜೊತೆ ನುಂಗಿಕೊಂಡ. ಷಡ್ಡಕನ ಕೆಲಸ ಕಳೆಯಬೇಕು ಅನ್ನುವ ಯೋಚನೆ ಕೈ ತೊಳೆಯುವಾಗ ಬಂತು. ಬಂದ ಕೂಡಲೇ ನಾಚಿಕೆಯಾಯಿತು. ಆದರೆ ನಾಚಿಕೆಯಾಯಿತೆಂದು ಯೋಚನೆ ಬಿಟ್ಟುಹೋಗಲಿಲ್ಲ.

ಅವನು ಕೊಲೆಗಡುಕನಲ್ಲ, ಕಳ್ಳನೂ ಅಲ್ಲ. ಯಾರ ಮೈಗೂ ತುರಿಕೆ ಕೂಡ ಬರಬಾರದು ಎನ್ನುವುದು ಅವನ ಮೊದಲ ನಿಯಮವಾಗಿತ್ತು. ಹಾಗಾಗಿ ಮಾರಾಟದ ಎಣ್ಣೆಯನ್ನು ಮುಟ್ಟುವ ಮಾತೇ ಇಲ್ಲ. ಮುಟ್ಟಬೇಕಾದ್ದು ನಮೂನೆಯನ್ನು ಮಾತ್ರ. ಪ್ರತಿ ದಿನದ ತಯಾರಿಕೆಯಿಂದ ಎರಡು ಗಾಜಿನ ಬಾಟಲಿ ತೆಗೆದು, ಮುಚ್ಚಳಕ್ಕೆ ಸಹಿ ಮಾಡಿದ ಚೀಟಿ ಅಂಟಿಸಿ, ಲ್ಯಾಬಿನ ಕಪಾಟಿನಲ್ಲಿ ಮೂರು ವರ್ಷ ಇಡುತ್ತಾರೆ. ದೂರು ಬಂದರೆ ಸರ್ಕಾರದವರು ತೆರೆದು ನೋಡುವುದು ಅದನ್ನೇ. ಆ ಎರಡು ಬಾಟಲಿಗೆ ಮೂರು ಮೂರು ಹನಿ ಗೇರ್ ಆಯಿಲ್ ಬಿದ್ದರೆ ಸಾಕು. ಕಣ್ಣಿಗೆ ಕಾಣದು, ಮೂಗಿಗೆ ಹೊಡೆಯದು. ಲ್ಯಾಬಿನ ಕತ್ತಲೆ ಮೂಲೆಯಲ್ಲಿರುವ, ಖೋಟಾ ನೋಟು ಹಿಡಿಯುವಂಥ ಅತಿನೇರಳೆ ಕಿರಣದ ನೀಲಿ ದೀಪದ ಕೆಳಗೆ ಹಿಡಿದರೆ ಮಾತ್ರ ಗೊತ್ತಾಗುತ್ತದೆ. ಶುದ್ಧ ಮಾಡಿದ ಎಣ್ಣೆ ಆ ದೀಪಕ್ಕೆ ಕಪ್ಪಗೆ, ಸುಮ್ಮನೆ ಇರುತ್ತದೆ. ಯಂತ್ರದ ಎಣ್ಣೆ ಗ್ಯಾಸ್ ಒಲೆಯ ಉರಿಯಂತೆ ನೀಲಿಯಾಗಿ ಹೊಳೆಯುತ್ತದೆ.

ಯಾವ ದಿನದ ನಮೂನೆ ಅನ್ನುವುದೂ ತಾನಾಗಿಯೇ ಒದಗಿ ಬಂತು. ಮಾವನ ಕಣ್ಣಿನ ಆಪರೇಷನ್ ಆದ ದಿನ ಪರೀಕ್ಷಕ ರಜೆ ಹಾಕಿದ್ದ. ಮಾವ ಇರುವುದು ಅವನ ಮನೆಯಲ್ಲೇ. “ನೀವು ಮಾವನ ಜೊತೆ ಇರಿ ಭಾವ, ಪರೀಕ್ಷೆ ನಾನೇ ಮಾಡ್ಕೋತೀನಿ,” ಎಂದು, ಮ್ಯಾನೇಜರಾದ ಮೇಲೆ ಪರೀಕ್ಷೆಯ ಕೆಲಸವನ್ನೂ ಕಲಿತಿದ್ದ ಷಡ್ಡಕ ಆವತ್ತು ಲ್ಯಾಬಿನಲ್ಲಿ ನಿಂತಿದ್ದ. ಆ ದಿನದ ಹಾಳೆಯಲ್ಲಿ ಇರುವುದು ಅವನೊಬ್ಬನ ಸಹಿ. ಬಾಟಲಿ ತುಂಬುವ ಯಂತ್ರ ಚಾಲೂ ಮಾಡಿದಾಗ ಮೊದಲ ಹತ್ತು ಬಾಟಲಿ ಚೆಲ್ಲಬೇಕೆನ್ನುವುದು ನಿಯಮ, ಯಂತ್ರದ ಗೇರಿನ ಎಣ್ಣೆ ಎಲ್ಲಾದರೂ ಸೋರಿದ್ದರೆ ಅದರಲ್ಲೇ ಹೋಗಲಿ ಎಂದು. ಷಡ್ಡಕ ಚೆಲ್ಲಲಿಲ್ಲ, ನಮೂನೆಯನ್ನೂ ಅದರಿಂದಲೇ ತೆಗೆದ, ಹೊಳೆದದ್ದನ್ನು ಕಂಡೂ ಮುಚ್ಚಿಟ್ಟ: ಕಥೆ ಇಷ್ಟೇ. ನಾಳೆ ಅಂಗಡಿಯ ಬಾಟಲಿಗಳು ಶುದ್ಧವಾಗಿ ಬಂದರೂ ಕಥೆಗೆ ಏಟಿಲ್ಲ. ಜನರಿಗೆ ಅಪಾಯವಿಲ್ಲ, ಮ್ಯಾನೇಜರಿಗೆ ಕುರ್ಚಿಯಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಇದೇ.

ಮುಚ್ಚಳದ ಚೀಟಿಯ ಚಿಂತೆಯೂ ಇರಲಿಲ್ಲ. ಅದಕ್ಕೆ ಮ್ಯಾನೇಜರನ ಸಹಿ ಬೇಕು. ಪ್ರತಿ ಸಲ ಲ್ಯಾಬಿಗೆ ಓಡಿ ಬರುವುದು ಯಾಕೆಂದು ಷಡ್ಡಕ ಆಗಾಗ ಹತ್ತು ಹನ್ನೆರಡು ಚೀಟಿಗೆ ಒಟ್ಟಿಗೇ ಸಹಿ ಮಾಡಿ ಡ್ರಾಯರಿನಲ್ಲಿ ಇಟ್ಟುಬಿಡುತ್ತಿದ್ದ. “ನಿಮ್ಮ ಕೈಯಲ್ಲಿದ್ರೆ ನನ್ನ ಕೈಯಲ್ಲಿದ್ದ ಹಾಗೇ ಭಾವ,” ಅನ್ನುತ್ತಿದ್ದ. ಪರೀಕ್ಷಕ ಕೊನೆಯ ಎರಡನ್ನು ತೆಗೆದು ಪುಸ್ತಕದೊಳಗೆ ಇಟ್ಟುಕೊಂಡ.

ದೂರಿನ ಪತ್ರ ಬರೆಯುವುದೇ ಕಷ್ಟವಾಯಿತು. ‘ಒಬ್ಬ ಬಡ ಕೆಲಸಗಾರ’ ಎಂದು ಸಹಿ ಮಾಡಿದ್ದೇನೋ ಸರಿ. ಆದರೆ ಅಧಿಕಾರಿಗಳು ಎದ್ದು ಬರಬೇಕಾದರೆ ಹೆದರಿಸುವ ಮಾತು ಬೇಕು. ಆ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ‘ಪೆಟ್ರೋಲಿನ ಕೊಳೆಯನ್ನು ಹಸುಗೂಸುಗಳ ಮೈಗೆ ಬಳಿಯುತ್ತಿದ್ದಾರೆ’ ಎಂದು ಬರೆದ. ಯಾರಾದರೂ ಆ ಮಾತಾಡಿದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವನು ಅವನು. ಹತ್ತೊಂಬತ್ತು ವರ್ಷ ಯಾವ ಎಣ್ಣೆಯ ಪರವಾಗಿ ಸಾಕ್ಷಿ ಹೇಳಿದ್ದನೋ ಅದರ ಮೇಲೇ ಸುಳ್ಳು ಸಾಕ್ಷಿ ಹೇಳಿ, ಅಂಚೆ ಡಬ್ಬಕ್ಕೆ ಹಾಕಿ, ಯಾರೂ ನೋಡದಿದ್ದರೂ ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಮೂರನೆಯ ವಾರ ಫೋನು ಬಂತು. ತಪಾಸಣೆಯ ಅಧಿಕಾರಿ ಮಾರನೆಯ ದಿನ ಬೆಳಿಗ್ಗೆ ಬರುತ್ತಾರೆ. ಫೋನು ಬಂದ ದಿನವೇ ಷಡ್ಡಕ ಬೆಳಗಿನ ಚಹದ ಹೊತ್ತಿಗೆ ಲ್ಯಾಬಿಗೆ ಬಂದ. ಮುಖ ಸ್ವಲ್ಪ ಬಿಳಿಚಿಕೊಂಡಿತ್ತು.

“ಯಾರೋ ದೂರು ಕೊಟ್ಟಿದ್ದಾರಂತೆ ಭಾವ. ನೀವು ರಜೆ ಇದ್ರಲ್ಲ, ಆ ದಿನದ್ದು. ನಾನು ಎರಡೆರಡು ಸಲ ನೋಡಿದ್ದೆ.”

“ಹಾಗಾದ್ರೆ ಭಯ ಯಾಕೆ?”

“ಭಯ ಏನಿಲ್ಲ. ನೀವಿದ್ದೀರಲ್ಲ.”

ಊಟದ ಗಂಟೆ ಹೊಡೆದು ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಪರೀಕ್ಷಕ ಒಳಗಿನಿಂದ ಚಿಲಕ ಹಾಕಿದ. ಗೇರ್ ಆಯಿಲ್ ಹಿಂದಿನ ವಾರವೇ ಬಂದಿತ್ತು. ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ, ತುಂಬುವ ಯಂತ್ರಕ್ಕೆ ಹಾಕುವ ಡಬ್ಬದಿಂದಲೇ ಒಂದು ಚಮಚದಷ್ಟು ತೆಗೆದಿದ್ದ. ತಂದದ್ದು ಮಾವನ ಕಣ್ಣಿಗೆ ಬಿಡುತ್ತಿದ್ದ ಔಷಧಿಯ ಖಾಲಿ ಬಾಟಲಿಯಲ್ಲಿ. ಒತ್ತಿದರೆ ಲೆಕ್ಕದ ಹನಿ ಬೀಳುತ್ತದೆ. ರಬ್ಬರಿನ ಗ್ಲೌಸು ಹಾಕಿಕೊಂಡ. ಎರಡೂ ನಮೂನೆಗಳ ಹಳೆಯ ಚೀಟಿ ಕಿತ್ತು, ಮುಚ್ಚಳ ತೆಗೆದು, ಒಂದರ ಪಕ್ಕ ಒಂದು ಇಟ್ಟ. ಔಷಧಿ ಬಾಟಲಿಯನ್ನು ಬಗ್ಗಿಸಿದಾಗ ಮೊದಲ ಹನಿ ಕೆಳಗೆ ಬೀಳದೆ ಅದರ ಕತ್ತಿನ ಮೇಲೇ ಹರಿದು ಬೆರಳಿಗೆ ತಾಗಿತು. ಗ್ಲೌಸು ಇರುವುದು ಇನ್ಯಾಕೆ? ಕಿಟಕಿ ಮುಚ್ಚಿದ್ದರಿಂದ ಸೆಕೆ, ಬೆವರು. ಕನ್ನಡಕ ಮೇಲಕ್ಕೆ ತಳ್ಳಿಕೊಂಡು, ಉಸಿರು ಬಿಗಿಹಿಡಿದು ಎಣಿಸಿದ. ಒಂದು. ಎರಡು. ಮೂರು. ಇನ್ನೊಂದಕ್ಕೂ ಅಷ್ಟೇ.

ಆ ಗ್ಲೌಸನ್ನು ಒಳಹೊರಗು ಮಾಡಿ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಚೀಟಿ ಅಂಟಿಸಲು ಬೇರೆ ಹೊಸ ಗ್ಲೌಸು. ತಾರೀಕಿನ ಮೊಹರು ಒತ್ತಿ, ಬಾಟಲಿಯ ಹೊರಮೈ ಒರೆಸಿ, ಮೊದಲಿದ್ದ ಜಾಗದಲ್ಲೇ, ಧೂಳಿನ ಗುರುತಿನ ಮೇಲೇ ಇಟ್ಟ. ಅವಸರದವನಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದ. ಪರೀಕ್ಷಕ ಹಾಗಲ್ಲ. ಇಂಥ ಎಣ್ಣೆಗೆ ನೀರು ಸಾಲದು ಎಂದು ಅವನಿಗೆ ಗೊತ್ತು. ಎಣ್ಣೆಯನ್ನು ಎಣ್ಣೆಯೇ ಎತ್ತಬೇಕು. ಕೈಗೆ ಕಾರ್ಖಾನೆಯ ಶುದ್ಧ ಎಣ್ಣೆ ಸವರಿ, ಹತ್ತಿಯಿಂದ ಒರೆಸಿ, ಸೋಪಿನಲ್ಲಿ ಎರಡು ಸಲ ತೊಳೆದ. ಆಮೇಲೆ ನೀಲಿ ದೀಪ ಹಚ್ಚಿ ಒಂದೊಂದನ್ನೇ ನೋಡಿದ. ಹತ್ತು ಬೆರಳು, ಉಗುರಿನ ಸಂದು, ಮೊಣಕೈ, ಮೇಜಿನ ಅಂಚು, ಕಪಾಟಿನ ಹಿಡಿ, ಮೊಹರಿನ ತಳ. ಸೋಪುಪುಡಿಯಲ್ಲಿ ಒಗೆದ ಬಿಳಿ ಬಟ್ಟೆಯೂ ಆ ದೀಪಕ್ಕೆ ಹೊಳೆಯುತ್ತದೆ. ಅದಕ್ಕೇ ಅಲ್ಲಿ ಎಲ್ಲರಿಗೂ ಕಪ್ಪು ಏಪ್ರನ್. ಏಪ್ರನ್ನಿನ ಹಿಂದುಮುಂದನ್ನೂ ನೋಡಿದ. ಕಣ್ಣಿಗೆ ಬಿದ್ದದ್ದೆಲ್ಲ ಕಪ್ಪಾಗಿಯೇ ಇತ್ತು. ಚೀಲವನ್ನೂ ಔಷಧಿ ಬಾಟಲಿಯನ್ನೂ ಸಂಜೆ ಬಸ್ ಸ್ಟ್ಯಾಂಡಿನ ಕಸದ ಡಬ್ಬಕ್ಕೆ ಹಾಕಿದ.

ಮನೆಗೆ ಹೋದಾಗ ಮಾವ ಮಂಚದ ಮೇಲೆ ಕೂತು ಮೊಣಕಾಲಿನ ಕೆಳಗೆ ಪರಪರ ಕೆರೆದುಕೊಳ್ಳುತ್ತಿದ್ದರು. ವಯಸ್ಸಿಗೆ ಒಣಗಿ ಹಾಳೆಯಂತಾದ ಚರ್ಮ ಅವರದು. ಸ್ನಾನವಾದ ಮೇಲೆ ಮೈ ಹಸಿ ಇರುವಾಗಲೇ ಕಾರ್ಖಾನೆಯ ಎಣ್ಣೆ ಸವರಿದರೆ ದಿನವಿಡೀ ತಣ್ಣಗಿರುತ್ತಿದ್ದರು. ಅದನ್ನು ಹೇಳಿಕೊಟ್ಟವನೂ ಇವನೇ.

“ಅಪ್ಪಂಗೆ ಎಣ್ಣೆ ಹಚ್ಲಿಲ್ವಾ?” ಎಂದು ಹೆಂಡತಿಯನ್ನು ಕೇಳಿದ.

“ಹೇಗೆ ಹಚ್ಲಿ? ತಂಗಿ ಫೋನ್ ಮಾಡಿದ್ಲು, ಅಳ್ತಿದ್ಲು. ಏನೋ ಕೊಳೆ ಎಣ್ಣೆ ಸೇರಿದೆಯಂತೆ. ನಮ್ಮನೇಲಿರೋ ಬಾಟ್ಲಿನೂ ಅದೇ ತಾರೀಕಿಂದು. ನೋಡಿ ನೋಡಿ ಅಪ್ಪಂಗೆ ಹಚ್ಚಕ್ಕಾಗತ್ತಾ?” ಅವಳು ಅವನ ಮುಖ ನೋಡಿದಳು. “ನೀವೇ ಹೇಳಿ. ಇದು ಒಳ್ಳೇದಾ, ಕೆಟ್ಟದ್ದಾ? ನೀವು ಹೇಳಿದ್ರೆ ಹಚ್ತೀನಿ.”

ಆ ಬಾಟಲಿಯಲ್ಲಿದ್ದುದು ಅಪ್ಪಟ ಎಣ್ಣೆ ಎಂದು ಲೋಕದಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ಅವನಿಗೆ. “ನಾಳೆ ಗೊತ್ತಾಗತ್ತೆ. ಅಲ್ಲೀವರೆಗೂ ಬೇಡ,” ಅಂದ. ಬೇರೆ ಉತ್ತರ ಕೊಟ್ಟರೆ ನಾಳೆ ಅದು ತನ್ನ ಕಡೆಗೇ ತಿರುಗೀತೆಂದು ಲೆಕ್ಕ ಹಾಕಿದ್ದ. ಮಾವ ಕೆರೆದುಕೊಂಡರು. ಕೆರೆದಲ್ಲಿ ಸಣ್ಣಗೆ ರಕ್ತ ಜಿನುಗಿತು. ಯಾರ ಮೈಗೂ ತುರಿಕೆ ಬರಬಾರದೆಂದು ನಿಯಮ ಮಾಡಿಕೊಂಡಿದ್ದವನು ತಟ್ಟೆಯ ಮುಂದೆ ಕೂತು ಆ ಸದ್ದು ಕೇಳಿದ.

ರಾತ್ರಿ ಎಂಟು ಗಂಟೆಗೆ ಷಡ್ಡಕನೇ ಬಂದ, ಕೈಯಲ್ಲೊಂದು ತೆಳು ಪುಸ್ತಕ ಹಿಡಿದು.

“ಇವತ್ತೇ ಪ್ರೆಸ್ಸಿಂದ ಬಂತು ಭಾವ. ನಾಳೆ ನನ್ನ ಗತಿ ಏನಾಗತ್ತೋ, ಅದಕ್ಕೆ ಮುಂಚೆ ಕೊಟ್ಬಿಡೋಣ ಅಂತ ಬಂದೆ.”

ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಹಂಚುವ ಪುಸ್ತಕ ಅದು. ಮೊದಲ ಪುಟದಲ್ಲಿ ಪರೀಕ್ಷಕನ ಫೋಟೋ, ಎಂದಿನಂತೆ ಬೆರಳು ಕನ್ನಡಕದ ಮೇಲೆ. ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ: ‘ಈ ಪುಸ್ತಕದ ಪ್ರತಿ ಮಾತೂ ಇವರದು. ಹತ್ತೊಂಬತ್ತು ವರ್ಷದಿಂದ ನಮ್ಮ ಮಕ್ಕಳ ಮೈ ಕಾಯುತ್ತಿರುವವರು.’ ಒಳಗೆ ಸಕ್ಕರೆ ಡಬ್ಬವಿತ್ತು, ವಾಚ್‌ಮನ್ನನೂ ಇದ್ದ. ಮುಖಕ್ಕೆ ಹಚ್ಚುವವರು ಔಷಧಿ ದರ್ಜೆಯದನ್ನೇ ಕೇಳಿ ತೆಗೆದುಕೊಳ್ಳಿ, ಗ್ಯಾರೇಜಿನದನ್ನಲ್ಲ ಎಂಬ ಅವನ ಹಳೆಯ ಜೋಕೂ ಇತ್ತು.

“ಆವತ್ತು ಸ್ಟೇಜಲ್ಲಿ ನಿಮ್ಮ ಹೆಸರು ಹೇಳ್ಬೇಕಿತ್ತು. ಮೈಕ್ ಹಿಡಿದ್ರೆ ನಂಗೆ ಕೈಕಾಲು ನಡುಗತ್ತೆ, ಮರೆತೇಹೋಯ್ತು. ಕೆಳಗಿಳಿದ ಮೇಲೆ ನಾಚಿಕೆಯಾಯ್ತು,” ಎಂದ ಷಡ್ಡಕ. “ಬೇಜಾರಾಗಿತ್ತಾ?”

“ಛೆ ಛೆ, ಅದಕ್ಕೆಲ್ಲ ಬೇಜಾರಾ?” ಎಂದು ಪರೀಕ್ಷಕ ನಕ್ಕ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಷಡ್ಡಕ ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತ. ಮುಖ ತೊಳೆದು, ಕನ್ನಡಕದ ಗಾಜು ಒರೆಸಿ ಹಾಕಿಕೊಂಡು, ಅಲ್ಲೇ ನಿಂತು ಹೊಸ ಯೋಜನೆ ಹಾಕಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗುವುದು. ಕಪಾಟು ಒರೆಸುವ ನೆಪದಲ್ಲಿ ಆ ಎರಡು ಬಾಟಲಿ ಕೈತಪ್ಪಿ ಬೀಳಿಸುವುದು. ಒಡೆದ ನಮೂನೆಗೆ ಬೈಗುಳ ತಿನ್ನುವವನು ತಾನು ಮಾತ್ರ. ಹತ್ತೊಂಬತ್ತು ವರ್ಷಕ್ಕೆ ಒಂದು ಬೈಗುಳ ಬಿದ್ದರೆ ಬೀಳಲಿ.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೇ ಕಾರ್ಖಾನೆಯ ಬಾಗಿಲಲ್ಲಿದ್ದ. ಅಧಿಕಾರಿ ಅದಕ್ಕೂ ಮೊದಲೇ ಬಂದಿದ್ದರು. ನರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು. ನಮೂನೆಯ ಕಪಾಟಿಗೆ ಆಗಲೇ ತಮ್ಮ ಬೀಗ ಜಡಿದು, ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಷಡ್ಡಕ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಆದರೆ ಪರೀಕ್ಷಕ ಮಾಡಿದ್ದನ್ನು ಷಡ್ಡಕ ಉಣ್ಣಬೇಕಿತ್ತು. ನಿಜ ಹೇಳಿಬಿಡಲು ಒಂದು ನಿಮಿಷ ಬಾಯಿ ತೆರೆದ. ಯಾವ ಮಾತಿನಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅಧಿಕಾರಿಯೇ ಕೇಳಿದರು.

“ಈ ರೂಮಿಗೆ ಯಂತ್ರದ ಎಣ್ಣೆ ಏನಾದ್ರೂ ಬರತ್ತಾ?”

“ಇಲ್ಲ ಮೇಡಂ. ಹೊಸ್ತಿಲೂ ದಾಟಲ್ಲ.”

“ನೀವು ಮುಟ್ಟೋದುಂಟಾ? ಮೆಕ್ಯಾನಿಕ್ ಶೆಡ್ ಕಡೆ ಹೋಗೋದು, ಸ್ಕೂಟರ್ ರಿಪೇರಿ, ಆ ಥರ?”

“ಇಲ್ಲ. ನನ್ನ ಕೆಲಸಕ್ಕೆ ಅದು ಆಗಿಬರಲ್ಲ.”

“ಈ ಎರಡು ಬಾಟ್ಲಿ?”

“ಆವತ್ತು ನಾನು ರಜೆ. ಮುಟ್ಟೇ ಇಲ್ಲ ಮೇಡಂ.”

“ಭಾವ ಹೇಳಿದ್ರೆ ಮುಗೀತು ಮೇಡಂ,” ಎಂದ ಷಡ್ಡಕ. “ತಪ್ಪು ಆಗಿದ್ರೆ ಅದು ನನ್ನದೇ.”

ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಸಹಿ ಮಾಡಿಸಿದರು. ಮೂವರೂ ಕಪ್ಪು ಏಪ್ರನ್ ತೊಟ್ಟು ಕತ್ತಲೆ ಮೂಲೆಗೆ ಹೋಗಿ, ಪರದೆ ಎಳೆದು, ದೀಪದ ಸುತ್ತ ಬಗ್ಗಿ ನಿಂತರು. ಸ್ವಿಚ್ಚು ಒತ್ತಿದ್ದು ಪರೀಕ್ಷಕನೇ. ಅದು ಅವನ ಕೆಲಸ.

ಬಾಟಲಿ ಹೊಳೆಯಿತು, ಅವನು ಲೆಕ್ಕ ಹಾಕಿದ್ದಷ್ಟೇ, ಗ್ಯಾಸ್ ಒಲೆಯ ಸಣ್ಣ ಉರಿಯಂತೆ. ನಾಚಿಕೆಯಿಂದ ಷಡ್ಡಕನ ಮುಖ ನೋಡಲಾಗದೆ ಅವನು ಬಾಟಲಿಯನ್ನೇ ನೋಡುತ್ತಿದ್ದ. ಕೊನೆಗೆ ತಲೆ ಎತ್ತಿದ. ಬಾಟಲಿಯನ್ನು ನೋಡುತ್ತಿದ್ದವನು ಅವನೊಬ್ಬನೇ. ಅವರಿಬ್ಬರ ಕಣ್ಣು ಅವನ ಮುಖದ ಮೇಲಿತ್ತು. “ಭಾವ,” ಎಂದ ಷಡ್ಡಕ, ದನಿ ಒಡೆದಿತ್ತು, “ನಿಮ್ಮ ಮೂಗಿನ ಮೇಲೆ ಅದೇನು?” ಉತ್ತರ ಕೊಡಲು ಬಾಯಿ ತೆರೆದ, ಮತ್ತು ಬಾಯಿ ತೆರೆಯುವ ಮೊದಲೇ ಎಂದಿನಂತೆ ಬೆರಳು ಮೇಲೆ ಹೋಗಿ ಕನ್ನಡಕ ತಳ್ಳಿತು. ಹತ್ತು ಬೆರಳನ್ನೂ ಉಗುರಿನ ಸಂದನ್ನೂ ಈ ದೀಪಕ್ಕೆ ಹಿಡಿದು ನೋಡಿದ್ದವನು ತನ್ನ ಕಣ್ಣ ಮುಂದೆಯೇ ಇದ್ದ ಕನ್ನಡಕವನ್ನು ನೋಡಿರಲಿಲ್ಲ. ಗಾಜು ಒರೆಸಿದ್ದ, ಮೂಗಿನ ಮೇಲೆ ಕೂರುವ ನಡುಪಟ್ಟಿಯನ್ನು ಒರೆಸಿರಲಿಲ್ಲ. ಮೂರು ಸಲ ಮುಖ ತೊಳೆದಿದ್ದ, ಮೂರು ಸಲವೂ ತೊಳೆದ ಮೂಗಿನ ಮೇಲೆ ಅದನ್ನೇ ಏರಿಸಿಕೊಂಡಿದ್ದ. ಎಣ್ಣೆ ಇಳಿದಿರಲಿಲ್ಲ, ಆರಿರಲಿಲ್ಲ, ನಿನ್ನೆ ಮಧ್ಯಾಹ್ನ ಇಟ್ಟಲ್ಲೇ ಕೂತಿತ್ತು. ಬೆರಳು ಕೆಳಗೆ ಬಂದಾಗ ಅದರ ತುದಿಯೂ ನೀಲಿಯಾಗಿ ಹೊಳೆಯುತ್ತಿತ್ತು.